ಹೆಸರಿನ ಕಾಗುಣಿತ

ಬಾ ನೀಲಾ, ಕೂಡು. ಶಟರ್ ಅರ್ಧಾ ಇಳಿಸೀನಿ.
ಝೆರಾಕ್ಸ್ ಮಷೀನು ಇನ್ನೂ ಬೆಚ್ಚಗೈತಿ,
ಅದರ ಮ್ಯಾಲ ಹಾಳಿ ಇಟ್ಟು ಬರಿ.

ಟೀಚರ್ ಕೊಟ್ಟ ಹಾಳ್ಯಾಗ ಇರೂದು ಒಂದ ಪ್ರಶ್ನಿ:
ಮುಂದ ಏನಾಗಬೇಕಂತ ಮಾಡೀರಿ?
ಮೂರು ಸಲ ಬರದು ಮೂರು ಸಲ ಅಳಿಸೀದಿ.
ರಬ್ಬರು ಓಡಾಡಿ ಓಡಾಡಿ ಅಲ್ಲೆ ಹಾಳಿ
ಉಳ್ಳಾಗಡ್ಡಿ ಸಿಪ್ಪಿ ಆಗೇತಿ,
ಎತ್ತಿ ಹಿಡದ್ರ ಆಚೀಕಡಿ ಟ್ಯೂಬ್‌ಲೈಟ್ ಕಾಣತೈತಿ.

ಡಾಕ್ಟರ್ ಅಂತ ಬರದಿದ್ದು ಅವ್ವನ ಸಲುವಾಗಿ.
ಪಿಎಸ್‌ಐ ಅಂದಿದ್ದು ಸಿನಿಮಾ ನೋಡಿ ಬಂದ ವಾರ.
ಮೂರನೇದು ಓದಾಕ ಬರವಲ್ದು, ಆದ್ರ ನನಗ ಗೊತ್ತೈತಿ.
ಮುಂಡರಗಿ ರೋಡಿನ್ಯಾಗ ಆವತ್ತು ಲಾರಿ ಮ್ಯಾಲ
ಗಾಳಿಯಂತ್ರದ ರೆಕ್ಕಿ ಬಂತಲ್ಲ,
ಅಪ್ಪ ಟಂಟಂ ಬದಿಗೆ ಹಚ್ಚಿದಾ,
ಅದು ದಾಟೂತನಾ ನೀ ಉಸರ ಬಿಡಲಿಲ್ಲ.
‘ಆ ಕಂಬದೊಳಗ ಏಣಿ ಇರತೈತೇನ ಅಕ್ಕಾ?’
ಅಂದಿ, ಅಷ್ಟ.

ಇರತೈತಿ. ವಿಚಾರಿಸೀನಿ.
ಬಿಲ್ ಝೆರಾಕ್ಸ್ ಮಾಡಿಸಾಕ ಬರೂ ಹುಡುಗ
ಹಳದಿ ಹೆಲ್ಮೆಟ್ ಕೌಂಟರ್ ಮ್ಯಾಲ ಇಟ್ಟು ಹೇಳಿದಾ:
ಕಪ್ಪತಗುಡ್ಡದ ಕಡೆ ಬೆಲ್ಟ್ ಕಟಗೊಂಡು ಒಳಗಿಂದ ಹತ್ತತಾರಂತ,
ಮ್ಯಾಲ ಹೋದ್ರ ಗದಗ ಕಾಣಂಗಿಲ್ಲಂತ,
ಬರೇ ಬಿಸಿಲು.
ಐಟಿಐ ಮುಗಿಸಿದವರು ಅದಾರ, ಡಿಪ್ಲೊಮಾದವರು ಅದಾರ.
ಹುಡುಗ್ಯಾರು? ಅಂದೆ. ತಲಿ ಕೆರಕೊಂಡಾ.
ಕೆರಕೊಳ್ಳಲಿ.

ಈ ವರ್ಷ ಮಂದಿ ನಿನಗ ಬಾಳ ಹೇಳತಾರ.
ಒಂಬತ್ತನೇ ಇಯತ್ತೆ ಅಂದ್ರ ಆಟದ ವರ್ಷ,
ಬರೂ ವರ್ಷ ಓದಿದ್ರಾತು ಅಂತಾನ ಕಾಕಾ.
ಇದ ಕಡೀ ರೈಲು ಅಂತಾರ ಟ್ಯೂಶನ್ನಿನವರು.
ಇಬ್ಬರ ಮಾತೂ ಕೇಳಬ್ಯಾಡ.
ಬೀಜಗಣಿತ ಮುಂಜಾನೆ ಮಾಡು, ನಳ ಬರೂದ್ರೊಳಗ;
ನಮ್ಮೂರಾಗ ನೀರು ಬಂದ ದಿನ ಯಾರಿಗೂ ಬೀಜಗಣಿತ ಇಲ್ಲ.
ವಿದ್ಯುತ್ತಿನ ಪಾಠ ಹತ್ತನೇದಕ್ಕ ಐತಿ.
ಈಗ ಚಲನೆ, ಬಲ, ಗುರುತ್ವ:
ಏಣಿ ಹತ್ತಾಕಿಗೆ ಮೊದಲ ಬೇಕಾದ್ದು ಅವ.
ಇಂಗ್ಲಿಷ್ ರಾತ್ರಿ ನನಗ ಓದಿ ಹೇಳು,
ತಪ್ಪಿದ್ರ ಇಬ್ಬರೂ ಕೂಡೇ ತಪ್ಪೂಣು.

ಅದಕ್ಕಿಂತ ಮೊದಲ ಇನ್ನೊಂದು ಕೆಲಸ ಐತಿ.
ಜನ್ಮದಾಖಲಿ ತಂದಿಯೇನ? ಇಲ್ಲಿಡು. ಆಧಾರು ಅದರ ಬಾಜೂಕ.
ನೋಡು: ಆಧಾರಿನ್ಯಾಗ ನೀಲಗಂಗಾ,
ಶಾಲಿ ರಿಜಿಸ್ಟರಿನ್ಯಾಗ ನಿಲಗಂಗಾ,
ಜಾತಿ-ಆದಾಯದ ಕಾಗದದಾಗ ನೀಲಗಂಗವ್ವ,
ಸತ್ತ ಅಮ್ಮ ಬಂದು ಕುಂತಾಳ.
ಮೂರು ಮಂದಿ ನೀವು,
ಸೀಟು ಒಂದ.

ನಗಬ್ಯಾಡ.
ನಾ ದಾಕ್ಷಾಯಣಿ. ಹೆಸರು ಹಚ್ಚಿದ ಮಾಸ್ತರ ಕೈಯಾಗ
ರಕಾರ ಒಂದು ಹೆಚ್ಚಿಗಿತ್ತು,
ಮಾರ್ಕ್ಸ್ ಕಾರ್ಡಿನ್ಯಾಗ ದ್ರಾಕ್ಷಾಯಣಿ ಆದೆ.
ಗೆಳತ್ಯಾರು ಹಣ್ಣು ಅಂತ ಕಾಡಿದ್ರು, ನಾನೂ ನಕ್ಕೆ.
ಹುಬ್ಬಳ್ಳ್ಯಾಗ ಡಿಪ್ಲೊಮಾ ಕೌಂಟರಿನಾಕಿ
ಎರಡೂ ಕಾಗದ ಜೋಡಿಸಿ ಹಿಡದು ಕೇಳಿದ್ಲು,
‘ಇವರಿಬ್ಬರಾಗ ಬಂದಾಕಿ ಯಾರವಾ?’
ಅಫಿಡವಿಟ್ ಮಾಡಿಸಿ ತರೂದ್ರೊಳಗ ನಾಕು ಹೊಡದಿತ್ತು,
ಕಿಡಕಿ ಹಾಕಿದ್ರು.
ಸ್ಟೇಷನ್ನಿನ್ಯಾಗ ಅಪ್ಪ, ಹಂಗಾಮು ಮುಗದಿದ್ರೂ,
ಎಲ್ಲಿಂದೋ ಒಂದು ಗೊಂಚಲ ದ್ರಾಕ್ಷಿ ಹಿಡಕೊಂಡು ಬಂದಾ,
ಏನ್ ತಂದೀನಂತ ಅವಂಗ ತಿಳದಿರಲಿಲ್ಲ.
ಅಣ್ಣಿಗೇರಿತನಾ ನಾ ಮುಟ್ಟಲಿಲ್ಲ.
ಆಮ್ಯಾಲ ಹಸಿವ್ಯಾತು, ತಿಂದೆ.
ಸಿಹೀನ ಇದ್ದೂವು.

ಈಗ ಊರ ಮಂದಿ ಹೆಸರೆಲ್ಲಾ ನಾ ತಿದ್ದತೀನಿ,
ಅಕ್ಷರಕ್ಕ ಐದು ರೂಪಾಯಿ ತಗೊಂಡಿದ್ರ
ಬೆಟಗೇರ್ಯಾಗ ಎರಡಂತಸ್ತಿನ ಮನಿ ಆಗತಿತ್ತು.

ಸೋಮವಾರ ಹೆಡ್‌ಮಾಸ್ತರ ಹಂತ್ಯಾಕ ನಾನೂ ಬರತೀನಿ.
ಹತ್ತನೇದಕ್ಕ ಹೆಸರು ಕಳಸೂದ್ರೊಳಗ ಆದ್ರ ಸಣ್ಣ ಕೆಲಸ,
ಆಮ್ಯಾಲ ಅದು ಬಾಳ ದೂರದ ದಾರಿ.

ಆ ತೆಳ್ಳಗಾದ ಜಾಗ ಹಂಗ ಬಿಡು ಇವತ್ತ.
ನಿನ್ನ ಏಣಿ ಎಲ್ಲೂ ಓಡಿ ಹೋಗೂದಿಲ್ಲ.
ಮ್ಯಾಲ ಹೆಸರಿನ ಗೆರಿ ಖಾಲಿ ಐತಿ ನೋಡು,
ಮೊದಲ ಅದನ್ನ ತುಂಬು.
ನಕಾರಕ್ಕ ದೀರ್ಘ.
ಪೆನ್ನಿಲೆ ಬರಿ.
ಪೆನ್ಸಿಲ್ ನನ್ನ ಕಡೆ ಕೊಡು.